ಲ್ಯಾಪ್‌ಟಾಪ್ ಪರದೆಯಿಂದ ಒಂದು ಮಾನಿಟರ್ ಮಾಡಲು ಹೊರಟೆ, ಪೂರ್ತಿ ಕಪ್ಪಾಗಿದೆ. ಪ್ಯಾನಲ್ ಹೋಯಿತಾ?

ಅಷ್ಟು ಬೇಗ ಪ್ಯಾನಲ್ ಆಸೆ ಬಿಡಬೇಡಿ. ಮದರ್‌ಬೋರ್ಡ್ ಕೆಟ್ಟ ಲ್ಯಾಪ್‌ಟಾಪಿನ 15.6 ಇಂಚಿನ ಎಲ್‌ಇಡಿ ಪರದೆ ಬಿಚ್ಚಿ, ಆನ್‌ಲೈನ್‌ನಲ್ಲಿ ತರಿಸಿದ ಕಂಟ್ರೋಲರ್ ಬೋರ್ಡಿಗೆ (ಎಚ್‌ಡಿಎಂಐ ಸಿಗ್ನಲನ್ನು ಪರದೆಗೆ ತಕ್ಕಂತೆ ಬದಲಿಸುವ ಬೋರ್ಡು) ಜೋಡಿಸಿದ್ದೀರಿ. ಕಾರವಾರದ ನಿಮ್ಮ ಅಂಗಡಿಯ ಸಿಸಿಟಿವಿ ನೋಡಲಿಕ್ಕೆ. ಬೋರ್ಡಿನ ಹಸಿರು ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು ಅಂತೀರಿ. ಹಸಿರು ದೀಪವನ್ನು ಜಾಸ್ತಿ ನಂಬಬೇಡಿ. ಬೋರ್ಡಿಗೆ ಕರೆಂಟ್ ಬಂದಿದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು.

ಮೊದಲು ಎಚ್‌ಡಿಎಂಐ ಕೇಬಲ್ ಹಾಕಿ, ಡಿವಿಆರ್ (ಸಿಸಿಟಿವಿ ರೆಕಾರ್ಡರ್) ಚಾಲೂ ಇರಲಿ. ಸಿಗ್ನಲ್ ಇಲ್ಲದಿದ್ದರೆ ಬೋರ್ಡ್ ಸ್ವಲ್ಪ ಹೊತ್ತಿಗೆ ತಾನೇ ಪರದೆ ಆರಿಸಿಬಿಡುತ್ತದೆ. ಆಮೇಲೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿದು ನೋಡಿ. ಕ್ಯಾಮೆರಾ ಚಿತ್ರ ಮಸುಕಾಗಿ ಕಂಡಿತಾ? ಹಾಗಾದರೆ ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್, ಅಂದರೆ ಪರದೆಗೆ ಹಿಂದಿನಿಂದ ಬೆಳಕು ಕೊಡುವ ದೀಪ, ಹತ್ತುತ್ತಿಲ್ಲ.

ಇದರಲ್ಲಿ ಮೊದಲು ನೋಡಬೇಕಾದ್ದು ಒಂದು ಸಣ್ಣ ಪ್ಲಗ್. ಪ್ಯಾನಲ್‌ಗೆ ಹೋಗುವ 40 ಪಿನ್ನಿನ ಕೇಬಲ್‌ನಿಂದ ಕೆಲವು ವೈರ್ ಬೇರೆಯಾಗಿ, ಆರು ಪಿನ್ನಿನ ಪ್ಲಗ್‌ನಲ್ಲಿ ಮುಗಿದಿರುತ್ತವೆ. ಅದು ಬೋರ್ಡಿನ ಬ್ಯಾಕ್‌ಲೈಟ್ ಸಾಕೆಟ್‌ಗೆ ಹೋಗಬೇಕು. ಹಳೇ ಟ್ಯೂಬ್‌ಲೈಟ್ ಪರದೆಗಳ ಇನ್ವರ್ಟರ್ ಬೋರ್ಡಿಗೆ ಇರಬೇಕು ಅಂದುಕೊಂಡು ಸುಮಾರು ಜನ ಅದನ್ನು ಸುಮ್ನೆ ನೇತಾಡಲು ಬಿಡುತ್ತಾರೆ. ಪ್ಲಗ್ ಕೂತಿದ್ದರೂ ಕತ್ತಲೆಯೇ ಅಂದರೆ ಮಲ್ಟಿಮೀಟರ್ ತೆಗೆಯಿರಿ. ಸಾಕೆಟ್ ಪಕ್ಕದಲ್ಲೇ ಪಿನ್‌ಗಳ ಹೆಸರು ಅಚ್ಚಾಗಿರುತ್ತದೆ. 12 ವೋಲ್ಟ್ ಪಿನ್‌ನಲ್ಲಿ 12 ಸಿಗಬೇಕು. ಬ್ಯಾಕ್‌ಲೈಟ್ ಆನ್ ಪಿನ್‌ನಲ್ಲಿ 3.3 ಅಥವಾ 5 ವೋಲ್ಟ್ ಸಿಗಬೇಕು. ಬ್ರೈಟ್‌ನೆಸ್ ಪಿನ್ ಸೊನ್ನೆ ತೋರಿಸಿದರೆ ಬೋರ್ಡಿನ ಮೆನು ಬಟನ್ ಒತ್ತಿ ಬ್ರೈಟ್‌ನೆಸ್ ಏರಿಸಿ ನೋಡಿ.

ಎಲ್ಲಾ ಸರಿ ಇದ್ದು ಬೆಳಕು ಮಾತ್ರ ಇಲ್ಲ ಅಂದರೆ, ಪ್ಯಾನಲ್ ಹಿಂದಿನ ಸರ್ಕ್ಯೂಟ್ ಪಟ್ಟಿಯಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ಫ್ಯೂಸ್ ಹುಡುಕಿ. ಪಕ್ಕದಲ್ಲಿ ಎಫ್1 ಅಂತಲೋ ಏನೋ ಬರೆದಿರುತ್ತದೆ. ಅಡಾಪ್ಟರ್ ತೆಗೆದು, ಮೀಟರನ್ನು ಬೀಪ್‌ಗೆ ಇಟ್ಟು ಎರಡೂ ತುದಿ ಮುಟ್ಟಿಸಿ. ಬೀಪ್ ಬರದಿದ್ದರೆ ಫ್ಯೂಸ್ ಹೋಗಿದೆ. ತಂತಿ ಹಾಕಿ ಸೇರಿಸಲು ಹೋಗಬೇಡಿ. ಕೇಬಲ್ ಒಂದು ಪಿನ್ ಆಚೀಚೆ ಕೂತರೂ 12 ವೋಲ್ಟ್ ಬೇರೆಲ್ಲೋ ಹರಿದು ಹೀಗಾಗುತ್ತದೆ, ಮೊದಲು ಅದನ್ನು ನೋಡಿ.

ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ಮಳೆಗಾಲ ಅಟ್ಟದ ಮೇಲೆ ಕಳೆದ ಲ್ಯಾಪ್‌ಟಾಪ್ ಅಂದರೆ ಕನೆಕ್ಟರ್ ಒಳಗೆ ಹಸಿರು ಕಿಲುಬು ಇರುತ್ತದೆ. ನಾನು ಕುಮಟಾದಲ್ಲಿದ್ದೇನೆ, ಇಲ್ಲಿ ಬಿಚ್ಚಿದ್ದರಲ್ಲೆಲ್ಲ ಇದು ಕಾಣುತ್ತದೆ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್, ಕ್ಲೀನ್ ಮಾಡುವ ದ್ರವ) ಅಂತ ಕೇಳಿ, ಕೊಡುತ್ತಾರೆ. ಹಳೇ ಟೂತ್‌ಬ್ರಶ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಕರೆಂಟ್ ಕೊಡಿ.

ಟಾರ್ಚ್ ಹಿಡಿದರೂ ಏನೂ ಕಾಣದಿದ್ದರೆ ದಾರಿ ಬೇರೆ. ಬೋರ್ಡಿನ ಮೇಲೆ ಪ್ಯಾನಲ್ ವೋಲ್ಟೇಜ್ ಆರಿಸುವ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಕ್ಯಾಪ್) 3.3ರಲ್ಲಿ ಇದೆಯಾ ನೋಡಿ. ಬ್ಯಾಕ್‌ಲೈಟಿನ 12 ವೋಲ್ಟ್ ಬೇರೆ, ಲ್ಯಾಪ್‌ಟಾಪ್ ಪ್ಯಾನಲ್‌ನ ಚಿತ್ರದ ಭಾಗಕ್ಕೆ ಅಷ್ಟೇ ಬೇಕು, ಜಂಪರನ್ನು 12ಕ್ಕೆ ಇಟ್ಟರೆ ಸುಟ್ಟುಹೋಗುತ್ತದೆ. ಪ್ಯಾನಲ್ ಹಿಂದಿನ ಮಾದರಿ ಸಂಖ್ಯೆಯನ್ನೂ ಬೋರ್ಡಿನ ಜೊತೆ ತಾಳೆ ನೋಡಿ. ಎಲ್‌ವಿಡಿಎಸ್, ಇಡಿಪಿ ಅಂದರೆ ಪ್ಯಾನಲ್‌ಗೆ ಚಿತ್ರ ಕಳಿಸುವ ಎರಡು ಬೇರೆ ಬೇರೆ ವಿಧಾನ; ಎಲ್‌ವಿಡಿಎಸ್ ಬೋರ್ಡಿಗೆ 30 ಪಿನ್ನಿನ ಇಡಿಪಿ ಪ್ಯಾನಲ್ ನೇರವಾಗಿ ಹೊಂದುವುದಿಲ್ಲ. ಎಲ್‌ವಿಡಿಎಸ್ ಆಗಿದ್ದರೂ ಬೋರ್ಡಿನ ಫರ್ಮ್‌ವೇರ್ (ಅದರೊಳಗಿನ ಪ್ರೋಗ್ರಾಂ) ಆ ಪ್ಯಾನಲ್‌ನದ್ದೇ ಇರಬೇಕು, ಮಾರಿದವರನ್ನು ಕೇಳಿದರೆ ಕಳಿಸುತ್ತಾರೆ. ಅಡಾಪ್ಟರ್ 12 ವೋಲ್ಟ್ 2 ಆಂಪಿಯರ್ ಇರಲಿ. ಅಷ್ಟು ಆಂಪಿಯರ್ ಇಲ್ಲದ ಮನೆಯ ವೈಫೈ ರೌಟರ್‌ದು ಹಾಕಿದ್ದರೆ ಮೊದಲು ಅದನ್ನೇ ಬದಲಿಸಿ.

ಟಾರ್ಚ್‌ನಲ್ಲಿ ಏನು ಕಂಡಿತು, ಮಾದರಿ ಸಂಖ್ಯೆ ಏನು ಅಂತ ಕಾಮೆಂಟಿನಲ್ಲಿ ಹಾಕಿ, ಯಾವ ಫರ್ಮ್‌ವೇರ್ ಕೇಳಬೇಕು ಅಂತ ಹೇಳುತ್ತೇನೆ.