ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಕೈ ನಡುಗುತ್ತದೆ

ಪ್ರಶ್ನೆ: ನನ್ನ ಪತ್ನಿ ಮಂಡ್ಯದ ಸಮೀಪದ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಆರು ವರ್ಷ ತಾನೇ ಕಾರು ಓಡಿಸಿಕೊಂಡು ಹೋಗಿಬರುತ್ತಿದ್ದಳು. ಎಂಟು ತಿಂಗಳ ಹಿಂದೆ ಮುಸ್ಸಂಜೆಯಲ್ಲಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ಏಕಾಏಕಿ ರಸ್ತೆಗೆ ಬಂದು, ಕಾರು ಅದರ ಟ್ರೇಲರಿಗೆ ಗುದ್ದಿತು. ಮುರಿದ ಮುಂಗೈ ಕೂಡಿಕೊಂಡಿದೆ. ಆದರೆ ಸ್ಟಿಯರಿಂಗ್ ಹಿಡಿದರೆ ಎದೆ ಹೊಡೆದುಕೊಂಡು ಬೆವರುತ್ತಾಳೆ, ರಾತ್ರಿ ಬೆಚ್ಚಿ ಏಳುತ್ತಾಳೆ. ನಮ್ಮ ಅತ್ತೆಯವರು ದೃಷ್ಟಿ ತೆಗೆದು ತಡೆ ಒಡೆಸಿದರು. ನಾನು ದಿನವೂ ಸ್ಕೂಟರಿನಲ್ಲಿ ಒಳದಾರಿ ಬಳಸಿ ಶಾಲೆಗೆ ಬಿಟ್ಟುಬರುತ್ತೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಟ್ರ್ಯಾಕ್ಟರ್ ಇರುವುದಿಲ್ಲವಲ್ಲ ಎಂದು ಒಂದು ಭಾನುವಾರ ಒತ್ತಾಯಿಸಿ ಅವಳ ಕೈಯಲ್ಲೇ ಓಡಿಸಿದೆ. ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಅಳುತ್ತಾ ಅಂಚಿಗೆ ನಿಲ್ಲಿಸಿದಳು. ನೆಂಟರೊಬ್ಬರು ಯಾವುದೋ ಮಾತ್ರೆ ಸೂಚಿಸಿದ್ದಾರೆ. ನಾನು ಹೇಗೆ ನೆರವಾಗಲಿ?
— ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಪತ್ನಿಯವರ ಭಯ ಆಧಾರವಿಲ್ಲದ್ದಲ್ಲ ಎಂಬುದನ್ನು ಮೊದಲು ಮನೆಯವರೆಲ್ಲರೂ ಒಪ್ಪಿಕೊಳ್ಳಬೇಕು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಮಂದಿ ತೀರಿಕೊಂಡದ್ದನ್ನು ಕಂಡ ಜಿಲ್ಲೆ ನಿಮ್ಮದು. ರಸ್ತೆಯನ್ನು ಕಂಡು ಹೆದರುವವರಿಗೆ ‘ಧೈರ್ಯ ತಂದುಕೋ’ ಎಂದು ಹೇಳಿದರೆ, ತಾನು ಅನುಭವಿಸುತ್ತಿರುವುದು ಯಾರಿಗೂ ಅರ್ಥವಾಗುತ್ತಿಲ್ಲ ಎಂಬ ನೋವಷ್ಟೇ ಹೆಚ್ಚುತ್ತದೆ. ಅಪಘಾತವಾದ ಮೊದಲ ಕೆಲವು ವಾರ ಇಂಥ ನಡುಕ, ನಿದ್ರೆಗೇಡು ಸಹಜ, ಬಹಳ ಮಂದಿಯಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಕೆಟ್ಟ ಕನಸು, ಬೆಚ್ಚಿಬೀಳುವುದು, ರಸ್ತೆಯನ್ನೇ ತಪ್ಪಿಸುವುದು ಉಳಿದುಕೊಂಡರೆ ಅದನ್ನು ಆಘಾತೋತ್ತರ ಒತ್ತಡವೆಂದು ಭಾವಿಸಿ ತಪಾಸಣೆ ಮಾಡಿಸಬೇಕು. ಎಂಟು ತಿಂಗಳು ಕಾದದ್ದು ಸಾಕು. ತಡೆ ಒಡೆಸಿದ್ದರಿಂದ ತಾಯಿಯ ಮನಸ್ಸಿಗೆ ಸಮಾಧಾನವಾಗಿದ್ದರೆ ಒಳ್ಳೆಯದೇ, ಅದನ್ನು ಹಳಿಯುವ ಅಗತ್ಯವಿಲ್ಲ. ಆದರೆ ಚಿಕಿತ್ಸೆ ಬೇರೆಯೇ ಆಗಬೇಕು.

ಮುಂದಿನ ಮಾತನ್ನು ದಯವಿಟ್ಟು ನೊಂದುಕೊಳ್ಳದೆ ಓದಿ. ನೀವು ಪ್ರೀತಿಯಿಂದ ದಿನವೂ ಒಳದಾರಿಯಲ್ಲಿ ಶಾಲೆಗೆ ಬಿಟ್ಟುಬರುತ್ತಿರುವುದೇ ಆ ಭಯಕ್ಕೆ ನೀರೆರೆಯುತ್ತಿದೆ. ಅಪಘಾತವಾದ ರಸ್ತೆಯನ್ನು ತಪ್ಪಿಸಿದ ಪ್ರತಿ ಬೆಳಿಗ್ಗೆಯೂ ಅವರ ಮನಸ್ಸು ‘ತಪ್ಪಿಸಿದ್ದರಿಂದಲೇ ಬದುಕಿಕೊಂಡೆ’ ಎಂದು ಕಲಿಯುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಆದದ್ದು ಇದಕ್ಕೆ ವಿರುದ್ಧವಾದ ತಪ್ಪು. 2023ರ ಆಗಸ್ಟಿನಿಂದ ಅದರ ಮುಖ್ಯ ಪಥಗಳಲ್ಲಿ ಟ್ರ್ಯಾಕ್ಟರ್, ದ್ವಿಚಕ್ರ ವಾಹನಗಳಿಗೆ ನಿಷೇಧವಿರುವುದು ನಿಜವಾದ್ದರಿಂದ ನಿಮ್ಮ ಲೆಕ್ಕಾಚಾರ ತರ್ಕಬದ್ಧವಾಗಿಯೇ ಇತ್ತು. ಆದರೆ ಹೆದರಿದವರಿಗೆ ಬೇಕಾದದ್ದು ಬೇಕೆಂದಾಗ ನಿಲ್ಲಿಸುವ, ತಿರುಗಿಸುವ ಅನುಕೂಲ. ಪಕ್ಕದಲ್ಲಿ ವಾಹನಗಳು ನೂರರ ವೇಗದಲ್ಲಿ ಹಾದುಹೋಗುವ, ಮುಂದಿನ ನಿರ್ಗಮನದವರೆಗೆ ಹೊರಬರಲಾಗದ ರಸ್ತೆ ಅವರಿಗೆ ಬಾಗಿಲು ಹಾಕಿದ ಕೋಣೆಯಂತೆ ಕಂಡಿರಬೇಕು. ಅದು ಕೊನೆಯ ಮೆಟ್ಟಿಲಾಗಲಿ.

ಮೊದಲ ಮೆಟ್ಟಿಲು ಯಾವುದೆಂದು ನೀವು ನಿರ್ಧರಿಸಬೇಡಿ, ಅವರೇ ಹೇಳಲಿ. ಮನೆಯ ಮುಂದೆ ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡಿ ಕೂರುವುದು, ಬೆಳಿಗ್ಗೆ ಆರಕ್ಕೆ ಬಡಾವಣೆಯ ಒಳರಸ್ತೆಯಲ್ಲಿ ಎರಡು ಸುತ್ತು, ಆಮೇಲೆ ಹಗಲಿನಲ್ಲಿ ಅರ್ಧ ದಾರಿ, ಹೀಗೆ ಅವರೇ ಪಟ್ಟಿ ಬರೆದು ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಭಯದ ಅಂಕ ಕೊಡಲಿ. (ವಾಹನ ಕಡಿಮೆಯೆಂದು ತಡೆಗೋಡೆಯಿಲ್ಲದ ನಾಲೆ ಏರಿಯ ರಸ್ತೆಯನ್ನು ಮಾತ್ರ ಅಭ್ಯಾಸಕ್ಕೆ ಆರಿಸಿಕೊಳ್ಳಬೇಡಿ.) ಭಯ ಏಳಕ್ಕೋ ಎಂಟಕ್ಕೋ ಏರಿದಾಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಅದು ಅರ್ಧದಷ್ಟು ಇಳಿಯುವವರೆಗೆ ಕಾರಿನಲ್ಲೇ ಕುಳಿತಿರಿ. ಭಯ ಶಿಖರದಲ್ಲಿರುವಾಗಲೇ ನೀವು ಚಾಲಕರ ಸೀಟಿಗೆ ಬಂದು ಮನೆಗೆ ಓಡಿಸಿಕೊಂಡು ಹೋದರೆ ಓಡಿಹೋದದ್ದೇ ನೆನಪಿನಲ್ಲಿ ಉಳಿಯುತ್ತದೆ. ಭಯ ಇಳಿದ ಮೇಲೆ ನೂರು ಗಜವಾದರೂ ಅವರೇ ಓಡಿಸಿ ಅಂದಿನ ಅಭ್ಯಾಸ ಮುಗಿಸಲಿ. ವಾರಕ್ಕೊಮ್ಮೆ ದೂರ ಹೋಗುವುದಕ್ಕಿಂತ ದಿನವೂ ಸ್ವಲ್ಪ ಹೋಗುವುದು ಮೇಲು.

ಪಕ್ಕದ ಸೀಟಿನಲ್ಲಿ ಕುಳಿತಾಗ ನಿಮ್ಮ ಬಲಗಾಲನ್ನು ಗಮನಿಸಿಕೊಳ್ಳಿ. ಇಲ್ಲದ ಬ್ರೇಕನ್ನು ನೀವು ಒತ್ತಿದ್ದು ಅವರಿಗೆ ಕಾಣುತ್ತದೆ. ‘ನೋಡ್ಕೊಂಡು’, ‘ನಿಧಾನ’, ‘ಅಲ್ಲಿ ಗಾಡಿ ಬಂತು’ ಎಂಬ ಮಾತುಗಳು ಸಹಾಯವೆಂದು ನಿಮಗೆ ಅನ್ನಿಸಿದರೂ, ಅವರ ಕಿವಿಗೆ ನಿನ್ನಿಂದಾಗದು ಎಂದೇ ಕೇಳುತ್ತವೆ. ಹೊರಡುವ ಮುನ್ನವೇ ಒಪ್ಪಂದ ಮಾಡಿಕೊಂಡು ಸುಮ್ಮನಿರಿ.

ಎರಡು ಎಚ್ಚರಿಕೆಗಳಿವೆ. ಸ್ಟಿಯರಿಂಗ್ ಹಿಡಿದಿರುವಾಗ ಅಪಘಾತದ ದೃಶ್ಯವೇ ಕಣ್ಣಮುಂದೆ ಬಂದು, ಎಲ್ಲಿದ್ದೇನೆಂಬ ಅರಿವೇ ತಪ್ಪುವುದಾದರೆ ಅಭ್ಯಾಸವನ್ನು ಕೂಡಲೇ ನಿಲ್ಲಿಸಿ, ಮೊದಲು ಚಿಕಿತ್ಸಕರನ್ನು ಕಾಣಬೇಕು. ಇನ್ನು ನೆಂಟರ ಮಾತ್ರೆ ಬೇಡವೇ ಬೇಡ. ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್‌ನಂಥ ಮಾತ್ರೆಗಳು ತೂಕಡಿಕೆ ತಂದು ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತವೆ, ಅದನ್ನು ನುಂಗಿ ವಾಹನ ಓಡಿಸುವುದೇ ಅಪಾಯ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಆಘಾತವನ್ನೇ ಕೇಂದ್ರವಾಗಿಟ್ಟ ಆಪ್ತಚಿಕಿತ್ಸೆಯ ಬಗ್ಗೆ ಅಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಅಪಘಾತವಾದ ಜಾಗಕ್ಕೂ ಒಂದು ದಿನ ಹೋಗಬೇಕಾಗುತ್ತದೆ. ಪಟ್ಟಿಯಲ್ಲಿ ಅದರ ಸರದಿ ಬಂದಾಗ ಮಧ್ಯಾಹ್ನದ ಬೆಳಕಿನಲ್ಲಿ ಇಬ್ಬರೂ ಹೋಗಿ, ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಹೋಗಿ, ಟ್ರ್ಯಾಕ್ಟರ್ ಹೊರಬಂದ ಆ ಗದ್ದೆಯ ದಾರಿಯ ಬಾಯನ್ನು ಅವರು ಕಣ್ತುಂಬ ನೋಡಲಿ. ಅವರು ಹೊರಡೋಣ ಎನ್ನುವವರೆಗೆ ನೀವು ಜೊತೆಯಲ್ಲಿ ನಿಂತಿರಿ.