ಗನ್ ನಿಮ್ಮ ಹೆಸರಲ್ಲಿದೆ ಸರಿ, ಕೀ ಎಲ್ಲಿದೆ?

ಫೆಲೊನಿ, ಅಂದರೆ ಗಂಭೀರ ಅಪರಾಧಕ್ಕೆ ಶಿಕ್ಷೆಯಾದ ಭಾಮೈದ ಕ್ಯಾಲಿಫೋರ್ನಿಯಾದ ನಿಮ್ಮ ಮನೆಗೆ ಬಂದರೆ ಪಿಸ್ತೂಲು ಮಾರಲೇಬೇಕಾ ಅಂತ ಕೇಳಿದ್ದೀರಿ. ಗೊಂದಲವೆಲ್ಲ 'ಸ್ವಾಧೀನ' ಅನ್ನುವ ಪದದ್ದು. ಫೆಡರಲ್ ಕಾನೂನು, ಅಂದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾನೂನು, ಗನ್ ಇಟ್ಟುಕೊಳ್ಳದಂತೆ ತಡೆಯುವುದು ಅವರನ್ನು, ನಿಮ್ಮನ್ನಲ್ಲ. ಆದರೆ ಗನ್ ಅವರ ಕೈಯಲ್ಲೇ ಸಿಗಬೇಕು ಅಂತಿಲ್ಲ. ಗೊತ್ತಿದ್ದು ಹಿಡಿತದಲ್ಲಿ ಇಟ್ಟುಕೊಳ್ಳುವ ಅವಕಾಶ, ಉದ್ದೇಶ ಎರಡೂ ಇದ್ದವು ಅಂತ ಸಾಬೀತಾದರೆ ಸಾಕು, ಅದೂ 'ಸ್ವಾಧೀನ'ವೇ. 2022ರಿಂದ ಇದಕ್ಕೆ 15 ವರ್ಷದವರೆಗೆ ಜೈಲು. ಗೊತ್ತಿದ್ದೂ ನೀವೇ ಕೊಟ್ಟರೆ ನಿಮಗೂ ಅಷ್ಟೇ.

ಮೊದಲು ಅವರಿಗೆ ಪೆರೋಲ್ ಅಥವಾ ಪ್ರೊಬೇಷನ್ (ಷರತ್ತುಗಳೊಂದಿಗೆ ಹೊರಗಿದ್ದು ಅಧಿಕಾರಿಯ ನಿಗಾದಲ್ಲಿರುವುದು) ಇದೆಯಾ ಕೇಳಿ. ಇದ್ದರೆ ಅವರ ಅಧಿಕಾರಿಗೆ ಈಗಲೇ ತಿಳಿಸಿ, ಉತ್ತರ ಇಮೇಲ್‌ನಲ್ಲಿ ಪಡೆಯಿರಿ. ಮನೆಯಲ್ಲೇ ಗನ್ ಬೇಡ ಅನ್ನುವ ಷರತ್ತಿದ್ದರೆ ಬೀಗ ಹಾಕಿಯೂ ಪ್ರಯೋಜನವಿಲ್ಲ. ಈ ಷರತ್ತು ಒಬ್ಬೊಬ್ಬರಿಗೆ ಒಂದೊಂದು ಥರ.

ಅಡ್ಡಿಯಿಲ್ಲ ಅಂದರೆ ಸೇಫ್‌ನಲ್ಲಿಟ್ಟು ಬೀಗ ಹಾಕಿ. ಇಂಥವರ ಜೊತೆ ಇರುವವರು ಗನ್ ಭದ್ರವಾಗಿಡಬೇಕು ಅನ್ನುವುದು ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ಕಾನೂನೇ. ಕೀ, ನಂಬರ್ ನಿಮಗೆ ಮಾತ್ರ ಗೊತ್ತಿರಲಿ. ನಾವು ದೊಡ್ಡ ಸೇಫ್ ತಂದು ಬೀಗಿದ್ದೆವು. ಎರಡನೇ ಕೀ ಮಾತ್ರ ಫ್ರಿಜ್ ಪಕ್ಕದ ಕೊಕ್ಕೆಯಲ್ಲೇ ನೇತಾಡ್ತಿತ್ತು!

ಗುಂಡುಗಳಿಗೂ ಇದೇ ನಿಷೇಧ. ಗ್ಯಾರೇಜ್ ಡ್ರಾಯರ್, ಹಳೇ ಬಿಸ್ಕತ್ ಡಬ್ಬ, ಕಾರು ಎಲ್ಲ ಹುಡುಕಿ.

ಟೆಕ್ಸಾಸ್‌ನಲ್ಲಿ ಜೈಲು, ನಿಗಾ ಎಲ್ಲ ಮುಗಿದು 5 ವರ್ಷ ಕಳೆದರೆ ಮನೆಯಲ್ಲಿ ಇಟ್ಟುಕೊಳ್ಳಬಹುದಂತೆ ಅಂತ ಯಾರಾದರೂ ಹೇಳಿಯಾರು. ಅದು ಆ ರಾಜ್ಯದ ಕಾನೂನು, ಫೆಡರಲ್ ನಿಷೇಧ ಅಲ್ಲೂ ಹೋಗಲ್ಲ.

ಮನೆಯಲ್ಲಿ ಇಡೋ ಹಾಗಿಲ್ಲ ಅಂತಾದರೆ ಸುಮ್ನೆ ಸ್ನೇಹಿತರ ಕೈಗೆ ಕೊಡಬೇಡಿ. ಲೈಸೆನ್ಸ್ ಇರುವ ಗನ್ ಡೀಲರ್ ಹತ್ತಿರ ಹೋಗಿ, ಭಾಮೈದ ಬರುವ ಮೊದಲೇ.