‘ಬೇಡ’ ಅಂದಾಗ ಏನಾಗುತ್ತದೆ?

ಪ್ರಶ್ನೆ: ನನಗೆ 17 ವರ್ಷ, ದ್ವಿತೀಯ ಪಿಯುಸಿ. ಎಂಟು ತಿಂಗಳಿಂದ ಒಬ್ಬ ಹುಡುಗನನ್ನು ಪ್ರೀತಿಸುತ್ತಿದ್ದೇನೆ. ಕಾಲೇಜು ಬಿಟ್ಟ ಕೂಡಲೇ ಅವನಿಗೆ ಲೈವ್ ಲೊಕೇಶನ್ ಕಳಿಸಬೇಕು. ನನ್ನ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಅವನ ಹತ್ತಿರ ಇದೆ. ಕ್ಲಾಸಿನ ಹುಡುಗರ ಜತೆ ಮಾತಾಡಿದರೆ ಎರಡು ದಿನ ಮಾತು ಬಿಡುತ್ತಾನೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಕೈ ತಿರುಚಿದ, ಆಮೇಲೆ ಅತ್ತ. ‘ಪೊಸೆಸಿವ್ ಕಣೇ, ಅಷ್ಟೇ’ ಅಂತಾರೆ ಗೆಳತಿಯರು. ಹೌದಾ?
– ಹೆಸರು ಬೇಡ, ತುಮಕೂರು

ಉತ್ತರ: ಕೈ ತಿರುಚಿದ ವಿಷಯ ನಿನ್ನ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಅದು ಹಲ್ಲೆ. ಆಮೇಲೆ ಅತ್ತ ಮಾತ್ರಕ್ಕೆ ಅದು ಪ್ರೀತಿಯಾಗುವುದಿಲ್ಲ.

ಹೊಟ್ಟೆಕಿಚ್ಚು ಯಾರಿಗಾದರೂ ಬರುತ್ತದೆ. ಮುನಿಸಿಕೊಳ್ಳಲಿ, ಜಗಳವಾಡಲಿ. ನೀನು ಎಲ್ಲಿರಬೇಕು, ಯಾರ ಜತೆ ಮಾತಾಡಬೇಕು ಎಂದು ಅವನೇ ತೀರ್ಮಾನಿಸತೊಡಗಿದರೆ ಅದು ಹಿಡಿತ. ಗುರುತಿಸಲು ಒಂದು ಪ್ರಶ್ನೆ ಸಾಕು: ‘ಬೇಡ’ ಅಂದಾಗ ಏನಾಗುತ್ತದೆ? ‘ಇವತ್ತು ಲೊಕೇಶನ್ ಕಳಿಸಲ್ಲ, ಮನೆಗೆ ಹೋಗಿ ಮೆಸೇಜ್ ಹಾಕ್ತೀನಿ’ ಅಂದರೆ ‘ಸರಿ’ ಅನ್ನುವ ಹುಡುಗರಿದ್ದಾರೆ. ಮಾತು ಬಿಟ್ಟು, ಕೊನೆಗೆ ನೀನೇ ಕ್ಷಮೆ ಕೇಳುವಂತೆ ಮಾಡುವವರೂ ಇದ್ದಾರೆ. ಆದರೆ ಈಗಾಗಲೇ ಕೈ ಮಾಡಿದವನ ಮೇಲೆ ಈ ಪರೀಕ್ಷೆ ಮಾಡಲು ಹೋಗಬೇಡ. ನಿನಗೆ ಉತ್ತರ ಸಿಕ್ಕಾಗಿದೆ.

ಹೊರಬರುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಬಹಳ ಮುಖ್ಯ. ಮೊದಲು ಅಮ್ಮ, ಚಿಕ್ಕಮ್ಮ, ಲೆಕ್ಚರರ್, ಯಾರಾದರೂ ಒಬ್ಬ ದೊಡ್ಡವರಿಗೆ ಹೇಳು. ಅವನ ಬೆದರಿಕೆಯ ಮೆಸೇಜ್‌ಗಳಿದ್ದರೆ ನಂಬರ್, ತಾರೀಕು ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಅವರ ಫೋನಿನಲ್ಲೂ ಇಡು. ಬ್ಲಾಕ್ ಮಾಡುವುದು ಆಮೇಲೆ. ಅವರು ಮನೆಯಲ್ಲಿರುವ ದಿನ ನೋಡಿ ಒಂದೇ ಸಲ ಕೂತು ಫೋನ್ ಕೆಲಸ ಮುಗಿಸು. ಇನ್‌ಸ್ಟಾಗ್ರಾಂಗೆ ಜೋಡಿಸಿರುವ ಇಮೇಲ್ ಮತ್ತು ಫೋನ್ ನಂಬರ್ ನಿನ್ನದೇನಾ ನೋಡು, ಪಾಸ್‌ವರ್ಡ್ ಬದಲಿಸು, ಬೇರೆ ಎಲ್ಲ ಫೋನ್‌ಗಳಿಂದ ಲಾಗ್‌ಔಟ್ ಮಾಡು, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜತೆಗೆ ಕೋಡ್ ಕೂಡ ಕೇಳುವಂತೆ) ಹಾಕು. ಎಷ್ಟೋ ಹುಡುಗಿಯರು ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುತ್ತಾರೆ. ಇಮೇಲ್ ಅವನ ಕೈಯಲ್ಲಿದ್ದರೆ ಹೊಸ ಪಾಸ್‌ವರ್ಡ್ ಅವನಿಗೆ ಎರಡು ನಿಮಿಷದ ಕೆಲಸ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು, ನಿನ್ನದಲ್ಲದ ಫೋನ್, ಕಂಪ್ಯೂಟರ್ ಇದ್ದರೆ ತೆಗೆದುಹಾಕು. ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್ ನೋಡುವುದನ್ನು ಮರೆಯಬೇಡ. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ ಹೆಚ್ಚೆಂದರೆ 8 ಗಂಟೆಗೆ ತಾನಾಗಿ ನಿಲ್ಲುತ್ತದೆ, ಮ್ಯಾಪ್ಸ್‌ನದು ನೀನು ಆಫ್ ಮಾಡುವವರೆಗೂ ನಡೆಯುವಂತೆ ಇಟ್ಟಿರಬಹುದು. ಕೊನೆಗೆ ಫೋನಿನ ಪಿನ್ ಬದಲಿಸು.

‘ಇಲ್ಲಿಗೆ ಸಾಕು’ ಅನ್ನುವುದನ್ನು ಫೋನಿನಲ್ಲೇ ಹೇಳು, ಒಬ್ಬಳೇ ಭೇಟಿಗೆ ಹೋಗಬೇಡ. ‘ಕೊನೇ ಸಲ ಬಾ’ ಅಂದರೂ ಹೋಗಬೇಡ. ಹಿಡಿತ ತಪ್ಪಿತು ಎಂದು ಗೊತ್ತಾದ ಮೇಲಿನ ದಿನಗಳೇ ಹೆಚ್ಚು ಅಪಾಯದವು. ಕೆಲವು ವಾರ ಬಸ್ಸಿಗೆ ಗೆಳತಿಯರ ಜತೆ ಹೋಗು, ಹೊತ್ತು ಬದಲಿಸು.

ಪ್ರಶ್ನೆ: ಮಗಳಿಗೆ 16. ಸಂಬಂಧ ಮುರಿದದ್ದಕ್ಕೆ ಆ ಹುಡುಗ, ಅವಳು ಹಿಂದೆ ಕಳಿಸಿದ್ದ ಫೋಟೊಗಳನ್ನು ‘ಅಪ್ಪನಿಗೆ ಕಳಿಸ್ತೀನಿ, ಎಲ್ಲರಿಗೂ ಹಾಕ್ತೀನಿ’ ಅನ್ನುತ್ತಿದ್ದಾನೆ. ಫೋನ್ ಕಿತ್ತುಕೊಂಡು ಕಾಲೇಜು ಬಿಡಿಸೋಣ ಅಂತಾರೆ ಯಜಮಾನರು. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಕಾಲೇಜು ಬಿಡಿಸಬೇಡಿ. ‘ಅಪ್ಪನಿಗೆ ಕಳಿಸ್ತೀನಿ’ ಎಂಬ ಮಾತಿಗೆ ಇಷ್ಟು ಬಲ ಬಂದದ್ದೇ ಮನೆಯಲ್ಲಿ ಗೊತ್ತಾದರೆ ಓದು ನಿಲ್ಲುತ್ತದೆ ಎಂಬ ಭಯದಿಂದ. ಯಜಮಾನರು ಮಗಳ ಪಕ್ಕ ಕೂತು ‘ನನಗೆ ಗೊತ್ತಾಗಿದೆ, ನಿನ್ನ ಜತೆ ಇದ್ದೀನಿ’ ಅಂದ ದಿನ ಆ ಹುಡುಗನ ಅರ್ಧ ಬೆದರಿಕೆ ಖಾಲಿ. ಈ ಮಾತು ಅವರಿಗೆ ದಯವಿಟ್ಟು ಓದಿ ಹೇಳಿ.

ದುಡ್ಡು ಕೇಳಿದರೆ ಕೊಡಬೇಡಿ, ಇನ್ನೊಂದು ಫೋಟೊ ಕೇಳಿದರೂ ಬೇಡ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ಸಾಕು. ಆ ಫೋಟೊವನ್ನು ಮಾವನಿಗೋ ವಕೀಲರಿಗೋ ‘ನೋಡಿ’ ಎಂದು ಕಳಿಸಬೇಡಿ. 18 ತುಂಬದವರ ನಗ್ನ ಅಥವಾ ಅಶ್ಲೀಲ ಚಿತ್ರವನ್ನು ಹಂಚುವುದೇ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ.

‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ, 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ. ಮಗಳ ಫೋನಿನಲ್ಲಿ ಫೋಟೊ ಆರಿಸಿದರೆ ಅದಕ್ಕೊಂದು ಡಿಜಿಟಲ್ ಬೆರಳಚ್ಚು ತಯಾರಾಗುತ್ತದೆ. ಹೋಗುವುದು ಆ ಬೆರಳಚ್ಚು ಮಾತ್ರ, ಫೋಟೊ ಫೋನಿನಲ್ಲೇ ಉಳಿಯುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಡೆ ಅದೇ ಚಿತ್ರ ಬಂದರೆ ಹಿಡಿಯಲು ಇದರಿಂದ ಸಾಧ್ಯ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಇದು ತಡೆಯದು.

ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳಿಗೆಂದೇ ವಿಭಾಗವಿದೆ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098. ಠಾಣೆಯ ಹೆದರಿಕೆ ನಮಗೆ ಅರ್ಥವಾಗುತ್ತದೆ. 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ ಪ್ರಕಾರ ಹುಡುಗಿಯ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಪಡೆಯುವವರು ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯಾಗಿರಬೇಕು, ಸಮವಸ್ತ್ರದಲ್ಲಿ ಇರಕೂಡದು. ಮಾಧ್ಯಮದಲ್ಲಿ ಅವಳ ಹೆಸರು, ಗುರುತು ಬರಕೂಡದು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ: 18ರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ವೈದ್ಯರು, ಆಪ್ತಸಮಾಲೋಚಕರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ‘ಯಾರಿಗೂ ಹೇಳಲ್ಲ’ ಎಂದು ಅವರು ಮಾತು ಕೊಡುವಂತಿಲ್ಲ. ಹುಡುಗನಿಗೂ 18 ತುಂಬಿರದಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ.

ಪ್ರಶ್ನೆ: ನಾನು ಹುಡುಗ, 16 ವರ್ಷ. ನನ್ನ ಹುಡುಗಿ ‘ಬಿಟ್ಟು ಹೋದ್ರ ಕೈ ಕೊಯ್ಕೋತೀನಿ’ ಅಂತಾಳ. ಸಿಟ್ಟು ಬಂದ್ರ ಹೊಡೀತಾಳ. ದೋಸ್ತ್‌ಗಳಿಗೆ ಹೇಳಿದ್ರ ನಗ್ತಾರ.
– ಹುಬ್ಬಳ್ಳಿ

ಉತ್ತರ: ನಾವು ನಗುವುದಿಲ್ಲ. ಹುಡುಗಿ ಹೊಡೆದರೂ ಅದು ಹಲ್ಲೆಯೇ, ನೀನು ಸಹಿಸಿಕೊಂಡು ಕೂರಬೇಕಿಲ್ಲ, ತಿರುಗಿ ಕೈ ಎತ್ತಲೂ ಬೇಡ. ಕೊಯ್ದುಕೊಳ್ಳುವ ಮಾತನ್ನು ನಾಟಕ ಎಂದು ತಳ್ಳಿಹಾಕಬೇಡ, ಗುಟ್ಟಾಗಿಯೂ ಇಡಬೇಡ. ಆ ಮೆಸೇಜ್ ತೋರಿಸಿ ಅವಳ ಅಕ್ಕನಿಗೋ ಅಮ್ಮನಿಗೋ ಇವತ್ತೇ ತಿಳಿಸು, ನೇರವಾಗಿ ಹೇಳಲು ಅಳುಕಿದರೆ ನಿನ್ನ ಮನೆಯವರ ಮೂಲಕ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತಾರೆ, ನೀನೂ ಮಾಡಬಹುದು, ಅವಳೂ ಮಾಡಬಹುದು. ಬ್ಲೇಡ್ ಕೈಯಲ್ಲಿದೆ ಎಂದು ವಿಡಿಯೊ ಕಾಲ್ ಮಾಡಿದರೆ 112ಕ್ಕೆ ಅವಳ ಮನೆ ವಿಳಾಸ ಕೊಡು, ನೀನೊಬ್ಬನೇ ಓಡಿಹೋಗಬೇಡ.